ಸ್ಪ್ಯಾನಿಷ್‌ನ ‘ಸಬೇರ್’, ಕನ್ನಡದ ‘ಬಲ್ಲೆ’

(ಕ್ರಾಸ್‌ರೋಡ್ಸ್‌ನಲ್ಲಿ ಸೇರಿದ್ದ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಕನ್ನಡದ ವೇದಿಕೆಯಲ್ಲಿ ಸ್ಪ್ಯಾನಿಷ್ ವ್ಯಾಕರಣಕ್ಕೇನು ಕೆಲಸ ಎಂದು ತಮ್ಮಲ್ಲಿ ಕೆಲವರಿಗಾದರೂ ಅನ್ನಿಸಿರಬಹುದು. ಉತ್ತರಕ್ಕಾಗಿ ಬಹಳ ದೂರ ಹೋಗಬೇಕಾಗಿಲ್ಲ. ಇಲ್ಲಿಯ ಕ್ರಾಸ್‌ರೋಡ್ಸ್ ಮಾಲ್‌ನಲ್ಲಿ, ನೆಲದ ಮೇಲೆಯೇ ಹರಡಿರುವ ಆ ಬೃಹತ್ ಚದುರಂಗದ ಪಕ್ಕದಲ್ಲಿ ಅರ್ಧ ಗಂಟೆ ಕುಳಿತರೆ ಹಲವು ದೇಶಗಳ ಮಾತು ಕಿವಿಗೆ ಬೀಳುತ್ತದೆ. ಅವುಗಳಲ್ಲಿ ಸ್ಪ್ಯಾನಿಷ್ ಒಂದು. ಇದೇ ಬೆಲ್ವ್ಯೂ ನಗರದಲ್ಲಿ ‘ಪುಯೆಸ್ತ ದೆಲ್ ಸೋಲ್’, ಅಂದರೆ ‘ಸೂರ್ಯಾಸ್ತ’, ಎಂಬ ಹೆಸರಿನ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಸ್ಪ್ಯಾನಿಷ್‌ನಲ್ಲಿ ಪಾಠ ಕಲಿಯುತ್ತಾರೆ. ನಮ್ಮ ಮನೆಗಳ ಮಕ್ಕಳು ಎಷ್ಟೋ ಮಂದಿ ಮುಂದಿನ ತರಗತಿಗಳಲ್ಲಿ ಆ ಭಾಷೆಯನ್ನೇ ಆರಿಸಿಕೊಳ್ಳುತ್ತಾರೆ. ನಾನೂ ಮಗಳ ಪಾಠ ಒಪ್ಪಿಸಿಕೊಳ್ಳಲು ಕುಳಿತು, ಅವಳ ಹಿಂದೆಯೇ ಅದನ್ನು ಕಲಿತವನು.

ಇಂದು ಒಂದೇ ಒಂದು ಕ್ರಿಯಾಪದವನ್ನು ತಮ್ಮ ಮುಂದಿಡುತ್ತೇನೆ: ‘ಸಬೇರ್’. ತಿಳಿದಿರುವುದು ಎಂದು ಅದರ ಅರ್ಥ.

ಸ್ಪ್ಯಾನಿಷ್‌ನಲ್ಲಿ ತಿನ್ನುವುದಕ್ಕೆ ‘ಕೊಮೇರ್’ ಎನ್ನುತ್ತಾರೆ. ‘ತಿನ್ನುತ್ತೇನೆ’ ಎನ್ನಲು ‘ಕೋಮೊ’, ‘ತಿನ್ನುತ್ತೀಯೆ’ ಎನ್ನಲು ‘ಕೋಮೆಸ್’. ಅದೇ ಸೂತ್ರವನ್ನು ಹಿಡಿದರೆ ‘ನಾನು ಬಲ್ಲೆ’ ಎಂಬುದು ‘ಸಾಬೊ’ ಎಂದಾಗಬೇಕು. ಆದರೆ ಹಾಗಾಗುವುದಿಲ್ಲ, ಅದು ‘ಸೆ’ ಎಂಬ ಒಂದೇ ಅಕ್ಷರ. ಮಿಕ್ಕವು ಸಾಧುವಾಗಿಯೇ ನಡೆಯುತ್ತವೆ: ನೀನು ‘ಸಾಬೆಸ್’, ಅವನು ಅಥವಾ ಅವಳು ‘ಸಾಬೆ’, ನಾವು ‘ಸಬೇಮೊಸ್’, ಅವರು ‘ಸಾಬೆನ್’. ಹಿರಿಯರನ್ನು ಗೌರವದಿಂದ ಮಾತನಾಡಿಸುವಾಗ ‘ಅವನು, ಅವಳು’ಗಳಿಗೆ ಬರುವ ‘ಸಾಬೆ’ಯನ್ನೇ ಬಳಸಬೇಕು. ಕ್ರಿಯಾಪದದ ಕೊನೆಯೇ ಕರ್ತೃವನ್ನು ಸೂಚಿಸುವುದರಿಂದ ‘ನಾನು, ನೀನು’ಗಳನ್ನು ಬಿಟ್ಟರೂ ನಡೆಯುತ್ತದೆ. ‘ಬಂದೆವು’ ಎಂದರೆ ಸಾಕು, ಬಂದವರು ಯಾರೆಂದು ತಿಳಿಯುವ ನಮಗೆ ಇದು ಹೊಸತೇನಲ್ಲ.

ಭೂತಕಾಲಕ್ಕೆ ಬಂದಾಗ ಇಂಗ್ಲಿಷ್ ಮಾತ್ರ ಬಲ್ಲವರು ತೊಡಕಿಗೆ ಸಿಲುಕುತ್ತಾರೆ. ಸ್ಪ್ಯಾನಿಷ್‌ನಲ್ಲಿ ‘ಸಬೀಯ’ ಎಂದೂ ‘ಸೂಪೆ’ ಎಂದೂ ಎರಡು ರೂಪಗಳುಂಟು. ಇದೇ ಅರ್ಥದ ಇಂಗ್ಲಿಷ್ ಕ್ರಿಯಾಪದಕ್ಕೆ ಸರಳ ಭೂತಕಾಲದ ರೂಪ ಒಂದೇ. ಕನ್ನಡಿಗನಿಗೆ ಕಷ್ಟವೇ ಇಲ್ಲ: ‘ಸಬೀಯ’ ಎಂದರೆ ‘ನನಗೆ ಗೊತ್ತಿತ್ತು’, ‘ಸೂಪೆ’ ಎಂದರೆ ‘ನನಗೆ ಗೊತ್ತಾಯಿತು’. ಸ್ನೇಹಿತನ ತಂದೆ ತೀರಿಕೊಂಡ ಸುದ್ದಿ ‘ನಿನ್ನೆ ಗೊತ್ತಿತ್ತು’ ಎನ್ನುವುದಕ್ಕೂ ‘ನಿನ್ನೆ ಗೊತ್ತಾಯಿತು’ ಎನ್ನುವುದಕ್ಕೂ ಇರುವ ಅಂತರ ನಮ್ಮ ಮನೆಯ ಮಗುವಿಗೂ ತಿಳಿದೀತು. ಪುಸ್ತಕದ ಅರ್ಧ ಪುಟದ ವಿವರಣೆಯನ್ನು ಮಗಳಿಗೆ ನಾನು ಈ ಎರಡು ಮಾತುಗಳಲ್ಲಿ ಹೇಳಿದೆ. ತನ್ನ ಶಾಲೆಯ ಪಾಠಕ್ಕೆ ಕನ್ನಡವೂ ಒದಗೀತೆಂದು ಅವಳು ಅಂದು ಮೊದಲ ಬಾರಿಗೆ ಕಂಡಳು.

ಇನ್ನೊಂದು ಸಾಮ್ಯವಿದೆ. ‘ಸೆ ನದಾರ್’ ಎಂಬುದನ್ನು ಪದಶಃ ಬಿಡಿಸಿದರೆ ‘ಈಜುವುದನ್ನು ಬಲ್ಲೆ’. ಕನ್ನಡದ ‘ಈಜಬಲ್ಲೆ’ ಎಂಬುದೂ ಇದೇ ಅಲ್ಲವೇ? ಅರಿವಿನ ಕ್ರಿಯಾಪದವೇ ಸಾಮರ್ಥ್ಯವನ್ನೂ ಹೇಳುತ್ತದೆ. ಬಲ್ಲೆ, ಬಲ್ಲೆವು, ಬಲ್ಲರು ಎಂದು ವಚನಕಾರರ ಕಾಲದಿಂದಲೂ ನಾವು ಹೇಳುತ್ತ ಬಂದ ಈ ಪದವೂ ಸಾಮಾನ್ಯ ಸೂತ್ರಕ್ಕೆ ಒಗ್ಗದು. ‘ಬಲ್ಲುತ್ತೇನೆ’ ಎಂದು ಯಾರೂ ಹೇಳುವುದಿಲ್ಲ. ಸಬೇರ್ ಲ್ಯಾಟಿನ್‌ನ ‘ಸಾಪೆರೆ’ಯಿಂದ ಬಂದದ್ದು. ಅದಕ್ಕೆ ರುಚಿಯಾಗು ಎಂಬ ಅರ್ಥವೂ ಇತ್ತು, ವಿವೇಕಿಯಾಗಿರು ಎಂಬ ಅರ್ಥವೂ ಇತ್ತು. ಇಂದಿಗೂ ಊಟ ರುಚಿಯಾಗಿದೆ ಎನ್ನಲು ‘ಸಾಬೆ ಬ್ಯೆನ್’ ಎನ್ನುತ್ತಾರೆ. ಬೆಲ್ಲದ ರುಚಿಯನ್ನು ಬಲ್ಲವನೇ ಬಲ್ಲ ಎಂಬ ನಮ್ಮ ಗಾದೆಯಲ್ಲೂ ಅರಿವು ಮತ್ತು ರುಚಿ ಜೊತೆಯಾಗಿಯೇ ಬರುತ್ತವೆ.

ಇನ್ನು, ನಾನು ಮುಖ್ಯವಾಗಿ ಹೇಳಬೇಕಾದ ಮಾತಿಗೆ ಬರುತ್ತೇನೆ. ಅಮೆರಿಕದಲ್ಲಿ ಬೆಳೆದು ಸ್ಪ್ಯಾನಿಷ್ ಸರಿಯಾಗಿ ಬಾರದ ಲ್ಯಾಟಿನೋ ಮಕ್ಕಳನ್ನು ಅವರವರೇ ಹಂಗಿಸಿ ‘ನೊ ಸಾಬೊ’ ಮಕ್ಕಳು ಎಂದು ಕರೆಯುವುದುಂಟು. ‘ನೊ ಸೆ’, ಅಂದರೆ ‘ನಾನರಿಯೆ’, ಎನ್ನಬೇಕಾದಲ್ಲಿ ‘ನೊ ಸಾಬೊ’ ಎಂದುಬಿಡುವುದೇ ಆ ಹೆಸರಿಗೆ ಕಾರಣ. ಆದರೆ ಸ್ಪೇನಿನಲ್ಲಿಯೇ ಹುಟ್ಟಿದ ಎಳೆಯ ಮಕ್ಕಳೂ ಮೊದಮೊದಲು ‘ಸಾಬೊ’ ಎನ್ನುವುದು ಭಾಷಾಶಾಸ್ತ್ರಜ್ಞರು ಬಲ್ಲ ಸಂಗತಿ. ಅದು ಅಜ್ಞಾನದ ಗುರುತಲ್ಲ, ಮಗು ಸೂತ್ರವನ್ನು ಹಿಡಿದಿದೆ ಎಂಬುದರ ಗುರುತು. ಅಪವಾದವು ಸೂತ್ರದಿಂದ ಬರುವುದಿಲ್ಲ. ಸಾವಿರ ಸಲ ಕೇಳಿ, ಆಡಿ ಬರಬೇಕು. ಅತಿಯಾಗಿ ಬಳಕೆಯಾಗುವ ಪದಗಳಲ್ಲಿಯೇ ಅಪವಾದಗಳು ಹೆಚ್ಚಾಗಿ ಉಳಿದಿರುವುದೂ ಆ ಕಾರಣದಿಂದಲೇ.

ನಮ್ಮ ಮನೆಯಲ್ಲಿ ನಡೆದದ್ದನ್ನು ಸಂಕೋಚದಿಂದಲೇ ಹೇಳುತ್ತೇನೆ. ಮಗಳಿಗೆ ಆಗ ಆರು ವರ್ಷ. ಅತಿಥಿಗಳು ತುಂಬಿದ್ದ ಮನೆಯಲ್ಲಿ ಓಡಿಬಂದು, “ಅಪ್ಪಾ, ನಾನು ಪುಸ್ತಕ ತರಿದೆ” ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಾಡು ಮಾಡಿದೆಯಾದರೆ, ಓಡು ಓಡಿದೆಯಾದರೆ, ತರು ತರಿದೆ ಏಕಾಗಬಾರದು? ಅವಳ ತರ್ಕದಲ್ಲಿ ದೋಷವಿರಲಿಲ್ಲ. ಅಂದಿನಿಂದ ಅವಳು ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಉತ್ತರ ಕೊಡತೊಡಗಿದಳು. ನಾನು ಗಮನಿಸಲಿಲ್ಲ. ಎಂಟು ವರ್ಷಗಳ ಬಳಿಕ, ತರಗತಿಯಲ್ಲಿ ‘ಸಾಬೊ’ ಎಂದು ಬರೆದು ಬಂದ ದಿನ, ಶಿಕ್ಷಕಿ ನಗಲಿಲ್ಲ, ಸೂತ್ರ ಚೆನ್ನಾಗಿ ಬಂದಿದೆ, ಇನ್ನು ಅಪವಾದ ಕಲಿಯೋಣ ಎಂದರಂತೆ. ಅದನ್ನು ಹೇಳಿ ಮಗಳು ಒಂದು ಮಾತು ಸೇರಿಸಿದಳು, ಇಂಗ್ಲಿಷಿನಲ್ಲಿಯೇ: “ನಾನು ತರಿದೆ ಅಂದಾಗ ನೀವೆಲ್ಲ ನಕ್ಕಿರಿ.”

ಬಂಧುಗಳೇ, ನಮ್ಮ ಮಕ್ಕಳು ‘ತರಿದೆ’ ಎಂದರೆ “ಹೌದೇ, ತಂದೆಯಾ? ಎಲ್ಲಿ, ತೋರಿಸು” ಎನ್ನೋಣ. ಸರಿಯಾದ ರೂಪ ಅವರ ಕಿವಿಗೆ ಬೀಳುತ್ತದೆ, ಮಾತೂ ಮುಂದುವರಿಯುತ್ತದೆ. ತಪ್ಪು ಕನ್ನಡ ಆಡುವ ಮಗುವಿಗೆ ನಾಳೆ ಸರಿ ಕನ್ನಡ ಬಂದೀತು. ಬಾಯಿ ಮುಚ್ಚಿಸಿದ ಮಗುವಿಗೆ ಬರಲಾರದು. ಇದನ್ನು ನಾನು ಮೊದಲು ಅರಿತಿರಲಿಲ್ಲ, ತಡವಾಗಿ ಗೊತ್ತಾಯಿತು. ಸಬೀಯ ಅಲ್ಲ, ಸೂಪೆ.