ಹಿಮ ಕರಗಿದಷ್ಟೇ ಬದುಕು



ಹಿಮಾಚಲ ಪ್ರದೇಶದ ಭೂಪಟ ಬಿಡಿಸಿ ನೋಡಿದರೆ, ಲಡಾಖ್ ಮತ್ತು ಟಿಬೆಟ್ ಗಡಿಗೆ ಒತ್ತಿಕೊಂಡಂತೆ ಲಾಹೌಲ್-ಸ್ಪಿತಿ ಎಂಬ ಜಿಲ್ಲೆ ಕಾಣುತ್ತದೆ. ವಿಸ್ತೀರ್ಣದಲ್ಲಿ ಆ ರಾಜ್ಯದ ಅತಿ ದೊಡ್ಡ ಜಿಲ್ಲೆ ಇದು. ಆದರೆ 2011ರ ಜನಗಣತಿಯಲ್ಲಿ ಸಿಕ್ಕವರು ಕೇವಲ 31,564 ಮಂದಿ. ಒಂದು ಚದರ ಕಿಲೋಮೀಟರಿಗೆ ಇಬ್ಬರು! ಅದೇ ಗಣತಿಯಲ್ಲಿ ಕರ್ನಾಟಕದ ಲೆಕ್ಕ 319.

ಈ ಜಿಲ್ಲೆಯ ಸ್ಪಿತಿ ಕಣಿವೆಯ ಮುಖ್ಯ ಪೇಟೆ ಕಾಜಾ. ಅಲ್ಲಿಂದ ಬೆಟ್ಟ ಹತ್ತಿದರೆ ಕಿಬ್ಬರ್ ಸಿಗುತ್ತದೆ. ಸಮುದ್ರಮಟ್ಟದಿಂದ ಸುಮಾರು 14,000 ಅಡಿ ಎತ್ತರ. ಎಂದರೆ ನಮ್ಮ ಮುಳ್ಳಯ್ಯನಗಿರಿಯ ಎರಡು ಪಟ್ಟಿಗಿಂತ ಹೆಚ್ಚು. ಇರುವ ಮನೆಗಳು ಸುಮಾರು ಎಂಬತ್ತು. ಇಷ್ಟು ದೊಡ್ಡ ನಾಡಿನಲ್ಲಿ ಇಷ್ಟು ಕಡಿಮೆ ಜನ ಏಕೆ? ಚಳಿ, ದುರ್ಗಮ ದಾರಿ ಎಂದು ಉತ್ತರ ಹೇಳುವುದು ಸುಲಭ. ಅದು ಅರ್ಧ ಉತ್ತರ ಮಾತ್ರ. ಉಳಿದರ್ಧ ಆ ಜನರೇ ಮಾಡಿಕೊಂಡ ಕಟ್ಟುಪಾಡಿನಲ್ಲಿದೆ.

ಮೊದಲು ನೀರಿನ ವಿಚಾರ. ಮುಂಗಾರಿನ ಮೋಡಗಳು ದಕ್ಷಿಣದ ಪರ್ವತಸಾಲುಗಳಲ್ಲೇ ಮಳೆ ಸುರಿಸಿ ಬರಿದಾಗುತ್ತವೆ. ಸ್ಪಿತಿಗೆ ಉಳಿಯುವುದು ಒಣಗಾಳಿ. ಮರಗಳಿಲ್ಲದ, ಬೂದು ಬಣ್ಣದ ಬೆಟ್ಟಗಳ ಮರುಭೂಮಿ ಅದು. ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲಿ ಕರಗಿ ಹರಿಯುವುದೇ ಅಲ್ಲಿನ ಮಳೆ, ಅದೇ ಅಲ್ಲಿನ ಕೆರೆ. ಆ ನೀರನ್ನು ‘ಕೂಲ್’ ಎಂಬ ಸಣ್ಣ ಕಾಲುವೆಗಳಲ್ಲಿ ತಂದು ಮೆಟ್ಟಿಲು ಗದ್ದೆಗಳಿಗೆ ಹಾಯಿಸುತ್ತಾರೆ. ವರ್ಷಕ್ಕೆ ಒಂದೇ ಬೆಳೆ. ಹಿಂದೆ ಬಾರ್ಲಿ ಮತ್ತು ಕಪ್ಪು ಬಟಾಣಿ ಮುಖ್ಯವಾಗಿದ್ದವು. ಯಾವ ಮನೆಗೆ ಯಾವಾಗ ನೀರು ಎಂಬುದಕ್ಕೆ ಸರದಿ ಉಂಟು. ಭೂಮಿ ಬೇಕಾದಷ್ಟಿದೆ, ನೀರು ಅಳೆದಷ್ಟೇ. ನೀರು ಮುಟ್ಟದ ಭೂಮಿ ಎಷ್ಟಿದ್ದರೂ ಅದು ಹೊಲವಾಗದು.

ಇಂಥ ಕಡೆ ನಾಲ್ವರು ಅಣ್ಣತಮ್ಮಂದಿರು ಹೊಲ ಪಾಲು ಮಾಡಿಕೊಂಡರೆ ಏನಾಗುತ್ತದೆ? ಯಾರ ಹೊಟ್ಟೆಯೂ ತುಂಬುವುದಿಲ್ಲ. ಆದ್ದರಿಂದಲೇ ಸ್ಪಿತಿಯಲ್ಲಿ ಒಂದು ನಿಯಮ ಬೆಳೆದುಬಂತು. ಮನೆ, ಹೊಲ, ನೀರಿನ ಪಾಲು ಎಲ್ಲವೂ ಹಿರಿಯ ಮಗನಿಗೆ. ಅವನು ಸಂಸಾರ ಹೂಡಿ ಯಜಮಾನನಾದ ಮೇಲೆ ತಂದೆತಾಯಿ ‘ದೊಡ್ಡ ಮನೆ’ ಬಿಟ್ಟು, ಸ್ವಲ್ಪ ಹೊಲ ಇಟ್ಟುಕೊಂಡು ‘ಚಿಕ್ಕ ಮನೆ’ಗೆ ಹೋಗುತ್ತಿದ್ದರು. ಕಿರಿಯ ಗಂಡುಮಕ್ಕಳು ಬಾಲ್ಯದಲ್ಲೇ ಬೌದ್ಧ ಮಠ ಸೇರಿ ಲಾಮಾಗಳಾಗುತ್ತಿದ್ದರು. ಮದುವೆಯಾಗದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ ಸನ್ಯಾಸಿನಿಯರಾಗುತ್ತಿದ್ದರು. ಹೀಗೆ ಮನೆಗಳ ಸಂಖ್ಯೆ ಹೆಚ್ಚದಂತೆ ತಲೆಮಾರುಗಳ ಕಾಲ ನೋಡಿಕೊಂಡರು. ಹಳ್ಳಿ ಚಿಕ್ಕದಾಗಿ ಉಳಿದದ್ದು ಆಕಸ್ಮಿಕವಲ್ಲ.

ಪ್ರಕೃತಿಯೊಡನೆ ಎಂಥ ಹೊಂದಾಣಿಕೆ ಎಂದು ಪ್ರವಾಸಿಗರು ಬೆರಗಾಗುತ್ತಾರೆ. ಬೆರಗು ಸಹಜ. ಆದರೆ ಈ ಹೊಂದಾಣಿಕೆಯ ಬೆಲೆ ತೆತ್ತವರು ಯಾರು ಎಂದು ಕೇಳುವವರು ಕಡಿಮೆ. ಮಠಕ್ಕೆ ಹೊರಟ ಬಾಲಕನ ಇಚ್ಛೆಯನ್ನು ಕೇಳುತ್ತಿದ್ದವರು ವಿರಳ. ಹೆಣ್ಣುಮಗಳು ಹೊಲದಲ್ಲಿ ಜೀವಮಾನವಿಡೀ ದುಡಿದರೂ ಹೊಲ ಅವಳದಾಗಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ, ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು, ಪರಿಶಿಷ್ಟ ಪಂಗಡಗಳಿಗೆ ಅನ್ವಯವಾಗುವುದಿಲ್ಲ. ಹಾಗಾಗಿ ಬುಡಕಟ್ಟು ಜಿಲ್ಲೆಯಾದ ಇಲ್ಲಿ ಹಳೆಯ ಸಂಪ್ರದಾಯದ ಹಿಡಿತ ಸಡಿಲಲಿಲ್ಲ.

ಚಳಿಗಾಲದ ದಿನಚರಿಯನ್ನೂ ನೋಡಬೇಕು. ಉಷ್ಣಾಂಶ ಸೊನ್ನೆಗಿಂತ ಇಪ್ಪತ್ತು ಡಿಗ್ರಿಗೂ ಕೆಳಗಿಳಿಯುವುದುಂಟು. ಕೊಳವೆಯಲ್ಲಿನ ನೀರು ಕಲ್ಲಾಗುತ್ತದೆ. ದಪ್ಪ ಗೋಡೆಯ ಮನೆಗಳ ಕೆಳ ಅಂತಸ್ತಿನಲ್ಲಿ ದನಕರು, ಮೇಲೆ ಜನ. ಚಪ್ಪಟೆ ಮಾಳಿಗೆಯ ಮೇಲೆ ಮೇವು ಮತ್ತು ಉರುವಲು. ಒಲೆಗೆ ಒಣಗಿದ ಸಗಣಿಯೂ ಬೇಕು. ಶೌಚದ ಮಲವೂ ಬೂದಿ, ಮಣ್ಣಿನೊಡನೆ ಬೆರೆತು ಹೊಲಕ್ಕೆ ಗೊಬ್ಬರವಾಗುತ್ತದೆ. ಅಲ್ಲಿ ಬಿಸಾಡುವ ವಸ್ತುವೆಂಬುದೇ ಅಪರೂಪ.

ದನಕರುಗಳೇ ಆಸ್ತಿ ಎಂದಮೇಲೆ ಅವುಗಳ ಶತ್ರುಗಳೂ ಇರುತ್ತವೆ. ಹಿಮಚಿರತೆ ಮತ್ತು ತೋಳ, ಬೆಟ್ಟದಲ್ಲಿ ಮೇಯುವ ಕುದುರೆ ಮತ್ತು ಯಾಕ್‌ಗಳನ್ನು ಹಿಡಿಯುತ್ತವೆ. ಒಂದು ಯಾಕ್ ಹೋದರೆ ಒಂದು ಕುಟುಂಬದ ವರ್ಷದ ಲೆಕ್ಕವೇ ತಪ್ಪುತ್ತದೆ. ಇಲ್ಲೊಂದು ಕನ್ನಡನಾಡಿನ ನಂಟಿದೆ. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಿಂದ ಕಿಬ್ಬರಿನಲ್ಲಿ ಕೆಲಸ ಮಾಡುತ್ತಿದ್ದಾರೆ. ಗ್ರಾಮಸ್ಥರ ಒಪ್ಪಿಗೆಯಿಂದ ಹುಲ್ಲುಗಾವಲಿನ ಒಂದು ಭಾಗದಲ್ಲಿ ಮೇಯಿಸುವುದು ನಿಂತಿತು. ಹಿಮಚಿರತೆಯ ಸಹಜ ಬೇಟೆಯಾದ ಭರಲ್ ಎಂಬ ಕಾಡುಕುರಿಗಳು ಅಲ್ಲಿ ಹೆಚ್ಚಿದವು. 2002ರಲ್ಲಿ ಜಾನುವಾರು ವಿಮೆ ಆರಂಭವಾಯಿತು. ಕಂತು ಕಟ್ಟುವವರು ಗ್ರಾಮಸ್ಥರೇ. ನಷ್ಟವಾದವನಿಗೆ ಆ ನಿಧಿಯಿಂದ ಪರಿಹಾರ. ನೀರನ್ನು ಹಂಚಿಕೊಂಡ ಜನ ನಷ್ಟವನ್ನೂ ಹಂಚಿಕೊಂಡರು ಎನ್ನಬಹುದು.

ಈಗ ಕಾಲ ಬದಲಾಗಿದೆ. 1980ರ ದಶಕದಿಂದ ಹಸಿರು ಬಟಾಣಿ ಬಂದು, ಲಾರಿಯಲ್ಲಿ ದೂರದ ಮಾರುಕಟ್ಟೆಗೆ ಹೋಗತೊಡಗಿತು. ಕೈಗೆ ಹಣ ಬಂತು. ಮಕ್ಕಳು ಓದಿಗಾಗಿ ಶಿಮ್ಲಾ, ಚಂಡೀಗಢಕ್ಕೆ ಹೋದರು. ಕಿರಿಯ ಮಗ ಮಠಕ್ಕೇ ಹೋಗಬೇಕೆಂದಿಲ್ಲ. ನೌಕರಿ ಹಿಡಿಯುತ್ತಾನೆ, ಪ್ರವಾಸಿಗರಿಗೆ ಮನೆಯಲ್ಲೇ ತಂಗುವ ಕೊಠಡಿ ಕಟ್ಟುತ್ತಾನೆ. ಕಿಬ್ಬರ್ ಮತ್ತು ಎದುರಿನ ಚಿಚಮ್ ನಡುವೆ ಆಳವಾದ ಕಮರಿ. ಎಷ್ಟೋ ವರ್ಷ ಜನ ಅದನ್ನು ಹಗ್ಗಕ್ಕೆ ತೂಗುಬಿಟ್ಟ ತೊಟ್ಟಿಲಲ್ಲಿ ಕುಳಿತು, ಕೈಯಿಂದ ಎಳೆದುಕೊಂಡು ದಾಟುತ್ತಿದ್ದರು. 2017ರಲ್ಲಿ ಸೇತುವೆಯಾಯಿತು. 2019ರ ಲೋಕಸಭಾ ಚುನಾವಣೆಯಲ್ಲಿ ಸಮೀಪದ ತಾಶಿಗಂಗ್, 15,256 ಅಡಿ ಎತ್ತರದಲ್ಲಿ, ಜಗತ್ತಿನ ಅತಿ ಎತ್ತರದ ಮತಗಟ್ಟೆ ಎನಿಸಿತು. ಬೆರಳೆಣಿಕೆಯ ಮನೆಗಳ ಮತಕ್ಕಾಗಿ ಸರ್ಕಾರವೇ ಬೆಟ್ಟ ಹತ್ತಿತು.

ಇವೆಲ್ಲ ಬೇಕಾದ ಬದಲಾವಣೆಗಳೇ. ತೊಟ್ಟಿಲಲ್ಲಿ ತೂಗಾಡುತ್ತ ಕಮರಿ ದಾಟುವುದರಲ್ಲಿ ಯಾವ ಸಂಸ್ಕೃತಿಯೂ ಇಲ್ಲ. ಆದರೆ ರಸ್ತೆ, ಸೇತುವೆ, ಮತಪೆಟ್ಟಿಗೆಯನ್ನು ಮೇಲಕ್ಕೆ ಸಾಗಿಸಿದಂತೆ ಹಿಮವನ್ನು ಸಾಗಿಸಲಾಗದು. ಹಿಮ ಮೊದಲಿನಷ್ಟು ಬೀಳುತ್ತಿಲ್ಲ, ಬಿದ್ದರೂ ಹೊತ್ತಿಗೆ ಬೀಳುವುದಿಲ್ಲ ಎಂಬುದು ಅಲ್ಲಿನ ರೈತರ ಅನುಭವ. ಬಟಾಣಿಗೆ ಸಕಾಲದಲ್ಲಿ ನೀರು ಬೇಕು. ಪ್ರವಾಸಿಗರ ಕೊಠಡಿಗೂ ನೀರು ಬೇಕು.

ಹಳೆಯ ಕಟ್ಟುಪಾಡು ಜನರನ್ನು ನೀರಿಗೆ ತಕ್ಕಂತೆ ಅಳೆಯುತ್ತಿತ್ತು, ಅನ್ಯಾಯವೂ ಅದರಲ್ಲಿತ್ತು. ಆ ಅನ್ಯಾಯವನ್ನು ಮರಳಿ ತನ್ನಿ ಎಂದು ಯಾರೂ ಹೇಳಲಾರರು. ಆದರೆ ಅದರ ಜಾಗದಲ್ಲಿ ಹೊಸ ಲೆಕ್ಕವೊಂದು ಬೇಕಲ್ಲವೇ? ಕಿರಿಯ ಮಗನಿಗೂ ಮಗಳಿಗೂ ಪಾಲು ಕೊಡುವ, ಕೊಠಡಿಗಳೆಷ್ಟು, ಹೊಲಗಳೆಷ್ಟು ಎಂದು ಕರಗುವ ಹಿಮವನ್ನು ನೋಡಿ ನಿರ್ಧರಿಸುವ ಲೆಕ್ಕ. ವಿಮೆಯ ಕಂತನ್ನು ಕೂತು ಮಾತಾಡಿ ಗೊತ್ತುಮಾಡಿಕೊಂಡ ಊರಿಗೆ ಅದು ಅಸಾಧ್ಯವೇನಲ್ಲ. ಕೂಲಿನ ಸರದಿ ಇನ್ನೂ ಅಲ್ಲಿದೆ. ಅದರಲ್ಲಿ ಯಾರ ಯಾರ ಹೆಸರು ಸೇರಬೇಕೆಂಬುದೇ ಮುಂದಿನ ಪ್ರಶ್ನೆ.