ಮತ್ತೆ ಬಣ್ಣ ಬರೆಯುವ ಕೈ

ಕಲೆ ಯಾವುದು, ಕಸುಬು ಯಾವುದು ಎಂಬ ಚರ್ಚೆಯಿಂದಲೇ ಈ ಉಪನ್ಯಾಸ ಮಾಲೆ ಶುರುವಾಗಬೇಕೆಂದು ಕೆಲವರು ಕೇಳಿದ್ದರು. ನಾನು ನೇರ ಶಿರಸಿಗೇ ಹೋಗುತ್ತೇನೆ. ಆ ಚರ್ಚೆ ಬಗೆಹರಿಯುವುದಿದ್ದರೆ ಅಲ್ಲೇ ಬಗೆಹರಿದೀತು.

ಶಿರಸಿಯ ಮಾರಿಕಾಂಬೆ ಮರದ ದೇವಿ. ಎರಡು ವರ್ಷಕ್ಕೊಮ್ಮೆ ಜಾತ್ರೆ. ಗುಡಿಯಿಂದ ಹೊರಟ ದೇವಿ ಬಿಡ್ಕಿಬಯಲಿನ ಗದ್ದುಗೆಯಲ್ಲಿ ಕೂರುತ್ತಾಳೆ. ಜಾತ್ರೆಗೆ ಮುನ್ನ ವಿಗ್ರಹಕ್ಕೆ ಹೊಸದಾಗಿ ಬಣ್ಣ ಬರೆಯುತ್ತಾರೆ. ಅದು ಕೆತ್ತನೆ, ಬಣ್ಣದ ಕಸುಬಿನ ಗುಡಿಗಾರರ ಕೆಲಸ. ಆ ದಿನಗಳಲ್ಲಿ ಭಕ್ತರಿಗೆ ದರ್ಶನವಿಲ್ಲ. ಕೆಂಪು ಮೈ, ಅಗಲ ಕಣ್ಣು, ಎಲ್ಲವೂ ಮತ್ತೊಮ್ಮೆ ಕುಂಚದಿಂದ ಎದ್ದು ಬರಬೇಕು. ಜಾತ್ರೆ ಮುಗಿದರೆ ಯುಗಾದಿಗೆ ಗುಡಿಯಲ್ಲಿ ಪುನಃ ಪ್ರತಿಷ್ಠೆ.

ವಸ್ತುಸಂಗ್ರಹಾಲಯದ ತಜ್ಞರಿಗೆ ಇದನ್ನು ಹೇಳಿ ನೋಡಿ. ಹಳೆಯ ವಿಗ್ರಹದ ಮೇಲೆ ಹೊಸ ಬಣ್ಣವೇ ಎಂದು ಹೌಹಾರುತ್ತಾರೆ. ಅವರ ಲೆಕ್ಕ ಅವರಿಗೆ ಸರಿ: ಇದ್ದದ್ದನ್ನು ಇದ್ದಂತೆ ಉಳಿಸುವುದೇ ಅವರ ಧರ್ಮ. ಅಲ್ಲಿ ಬಣ್ಣ ಹಚ್ಚಿದರೆ ಅಪರಾಧ, ಶಿರಸಿಯಲ್ಲಿ ಹಚ್ಚದೆ ಬಿಟ್ಟರೆ ಅಪಚಾರ. ಊರಿಗೆ ಬೇಕಾದದ್ದು ಹಳೆಯ ಬಣ್ಣದ ಪದರವಲ್ಲ, ಬಣ್ಣ ಹಚ್ಚಬಲ್ಲ ಕೈ. ಎರಡು ವರ್ಷಕ್ಕೊಮ್ಮೆ ಕರೆ ಬರುವುದರಿಂದ ಆ ಕೈ ಜಡ್ಡುಗಟ್ಟುವುದಿಲ್ಲ. ಮಗ ಅಪ್ಪನ ಪಕ್ಕ ಕೂತು ಕಲಿಯುವುದಕ್ಕೂ ಅವಕಾಶವಿರುತ್ತದೆ.

ಇದೇ ಗುಡಿಗಾರರು ಶಿರಸಿ, ಸಾಗರ, ಸೊರಬದ ಕಡೆ ಗಂಧದ ಮರದಲ್ಲಿ ಪೆಟ್ಟಿಗೆಗಳನ್ನು ಕೆತ್ತುತ್ತಾರೆ. ಆ ಪೆಟ್ಟಿಗೆಗಳಿಗೆ ಗಾಜಿನ ಕಪಾಟಿನಲ್ಲಿ ಜಾಗ ಸಿಕ್ಕಿದೆ. ಬೆಂಡಿನಲ್ಲಿ ಮದುವೆಯ ಬಾಸಿಂಗ ಮಾಡುವವರೂ ಅವರೇ. ಹಗುರ ಬೆಂಡನ್ನು ತೆಳ್ಳಗೆ ಸೀಳಿ ಹೂವಾಗಿ ಸುತ್ತುವಾಗ ಬೇಕಾಗುವ ಹದ ಗಂಧದ ಕೆತ್ತನೆಯದ್ದಕ್ಕಿಂತ ಏನೂ ಕಡಿಮೆಯಲ್ಲ. ಆದರೆ ಬಾಸಿಂಗಕ್ಕೆ ಆಯುಷ್ಯ ಒಂದೇ ಮುಹೂರ್ತ. ಗಂಧದ ಪೆಟ್ಟಿಗೆ ಕಲೆ, ಬಾಸಿಂಗ ಮದುವೆ ಸಾಮಾನು ಎಂದು ವಿಂಗಡಿಸಿದವರು ಯಾರು? ಮಾಡಿದ ಕೈಯಂತೂ ವಿಂಗಡಿಸಿಲ್ಲ.

ಸಾಗರದ ಸುತ್ತಿನ ದೀವರ ಸಮುದಾಯದ ಮನೆಗಳ ಹಸೆ ಚಿತ್ತಾರವನ್ನೂ ಇದರ ಜೊತೆಗಿಡಬೇಕು. ಕೆಮ್ಮಣ್ಣು ಸಾರಿಸಿದ ಗೋಡೆ. ಅಕ್ಕಿ ಹಿಟ್ಟಿನ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚ ಎಂದರೆ ಪುಂಡಿ ನಾರು. ಬರೆಯುವವರು ಹೆಂಗಸರು. ನಾರನ್ನು ಬಣ್ಣದಲ್ಲಿ ಅದ್ದಿ ಗೋಡೆಗೆ ತಾಗಿಸಿ ಎಳೆದರೆ ಎಳೆ ನೆಟ್ಟಗೆ ಬರಬೇಕು. ಒಂದು ಎಳೆ ತಪ್ಪಿದರೆ ಇಡೀ ಜಾಲ ವಾರೆಯಾಗುತ್ತದೆ. ನಡುವೆ ಗಂಡು ಹೆಣ್ಣಿನ ಗೊಂಬೆ. ಆ ಗೋಡೆಯ ಮುಂದೆಯೇ ಮದುಮಕ್ಕಳನ್ನು ಹಸೆಗೆ ಕೂರಿಸುವುದು. ಭೂಮಿ ಹುಣ್ಣಿಮೆಗೆ ಬುಟ್ಟಿಯ ಮೇಲೂ ಚಿತ್ತಾರ ಬರೆದು, ಎಡೆ ತುಂಬಿ ಗದ್ದೆಗೆ ಒಯ್ಯುತ್ತಾರೆ.

ಈಗ ಹಸೆ ಚಿತ್ತಾರ ಚೌಕಟ್ಟು ಹಾಕಿಸಿಕೊಂಡು ಬೆಂಗಳೂರಿನ ಗೋಡೆಗಳಿಗೂ ಬಂದಿದೆ. ಶುದ್ಧವಾದಿಗಳು ಮುಖ ಸಿಂಡರಿಸುತ್ತಾರೆ. ನನಗೆ ಅದು ಅಷ್ಟು ಕೆಟ್ಟದ್ದಾಗಿ ಕಾಣುವುದಿಲ್ಲ. ಬರೆದವಳಿಗೆ ನಾಲ್ಕು ಕಾಸು ಬರುತ್ತದಲ್ಲ! ಆದರೆ ಒಂದು ವ್ಯತ್ಯಾಸ ತಿಳಿದಿರಲಿ. ಚೌಕಟ್ಟಿನ ಚಿತ್ತಾರವನ್ನು ಒಮ್ಮೆ ಕೊಂಡರೆ ಮುಗಿಯಿತು. ಮನೆಯ ಗೋಡೆಯಾದರೆ ಸಾರಿಸಿದಾಗಲೆಲ್ಲ ಮತ್ತೆ ಬರೆಯುವವಳನ್ನು ಕೇಳುತ್ತದೆ.

ಹಾಗೆ ಕೇಳುವವರಿಲ್ಲದೆ ಹೋದರೆ ಏನಾಗುತ್ತದೆ ಎನ್ನುವುದಕ್ಕೆ ಕಾವಿ ಚಿತ್ರವಿದೆ. ಗೋವೆಯಿಂದ ಉತ್ತರ ಕನ್ನಡದವರೆಗೆ ಗುಡಿಗಳ ಗೋಡೆಯಲ್ಲಿ ಕೆಂಪು ಬಿಳಿ ಎರಡೇ ಬಣ್ಣದ ಚಿತ್ರಗಳು. ಮಾರಿಕಾಂಬೆಯ ಗುಡಿಯಲ್ಲೂ ಉಂಟು. ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಬೆರೆಸಿ, ಕೊಳೆಯಲು ಬಿಟ್ಟು ಕುಟ್ಟಿ ಗಿಲಾಯ ಮಾಡುತ್ತಿದ್ದರು. ಅದರ ಮೇಲೆ ಹುರಮಂಜಿನ ಕೆಂಪು ಲೇಪ. ಲೇಪ ಹಸಿಯಿರುವಾಗಲೇ ಮೊನೆಯಿಂದ ಕೆರೆದರೆ ಒಳಗಿನ ಬಿಳಿ ಗೆರೆಯಾಗಿ ಕಾಣುತ್ತದೆ. ಒಣಗಿತೋ, ಕೆಲಸ ಕೆಟ್ಟಿತು. ಅಳಿಸಿ ತಿದ್ದುವ ಮಾತಿಲ್ಲ.

ಎಷ್ಟೋ ಮಳೆಗಾಲ ಕಂಡರೂ ನಿಲ್ಲುವಷ್ಟು ಗಟ್ಟಿ ಗೋಡೆ ಅದು. ಕಾವಿಗೆ ಮುಳುವಾದದ್ದೂ ಆ ಗಟ್ಟಿತನವೇ ಎಂದು ನನ್ನ ಅನುಮಾನ. ಒಂದು ತಲೆಮಾರು ಬರೆದದ್ದು ಮುಂದಿನ ತಲೆಮಾರುಗಳಿಗೂ ಸಾಕಾಯಿತು. ಬರೆಯುವವರನ್ನು ಯಾರೂ ಕರೆಯಲಿಲ್ಲ. ಅಷ್ಟರಲ್ಲಿ ಸಿಮೆಂಟು ಬಂತು, ಸುಣ್ಣದ ಹದ ಬಲ್ಲವರು ಕರಗಿದರು. ಗೋಡೆ ಬಿರುಕು ಬಿಟ್ಟಾಗ ರಿಪೇರಿಗೆ ಯಾರನ್ನು ಕರೆಯಬೇಕೆಂದು ತಿಳಿಯದೆ ಜೀರ್ಣೋದ್ಧಾರದ ಹೆಸರಿನಲ್ಲಿ ಕೆಡವಿದರು. ಎನಾಮಲ್ ಬಳಿದರು, ಟೈಲ್ಸ್ ಹಾಕಿಸಿದರು. ಲೇಖಕ ಕೃಷ್ಣಾನಂದ ಕಾಮತರು ಕ್ಯಾಮೆರಾ ಹಿಡಿದು ಊರೂರು ಸುತ್ತಿ ದಾಖಲಿಸದೇ ಇದ್ದಿದ್ದರೆ ಎಷ್ಟೋ ಗೋಡೆಗಳ ಗುರುತೂ ಇರುತ್ತಿರಲಿಲ್ಲ.

ಹಾಗಾಗಿ ಉಳಿದ ಕಾವಿ ಗೋಡೆಗೆ ಬೇಲಿ ಹಾಕಿ ಫಲಕ ನೆಟ್ಟರೆ ಅರ್ಧ ಕೆಲಸವಾಯಿತು ಅಷ್ಟೇ. ಈ ಸಭೆಯಲ್ಲಿ ದೇವಸ್ಥಾನಗಳ ಆಡಳಿತ ಮಂಡಳಿಯವರೂ ಇದ್ದೀರಿ. ಹೊಸ ಚಂದ್ರಶಾಲೆಗೆ ಗ್ರಾನೈಟ್ ಹಾಕಿಸುವ ಅಂದಾಜುಪಟ್ಟಿ ಮುಂದೆ ಬಂದಾಗ ಒಂದು ಗೋಡೆಯನ್ನು ಪಟ್ಟಿಯಿಂದ ಹೊರಗಿಡಿ. ಚಿಪ್ಪಿನ ಸುಣ್ಣ ತರಿಸಿ. ಕಲಿಯುವ ಮನಸ್ಸಿರುವ ಇಬ್ಬರು ಹುಡುಗರಿಗೆ ಆ ಗೋಡೆಯನ್ನು ಒಪ್ಪಿಸಿ. ಮೊದಲ ಸಲ ಗೆರೆ ಸೊಟ್ಟಗಾಗುತ್ತದೆ, ಗಿಲಾಯ ಉದುರುತ್ತದೆ. ಆಗ ಅದೇ ಹುಡುಗರನ್ನು ಮತ್ತೆ ಕರೆಸಿ, ಕೂಲಿಯನ್ನೂ ಕೊಡಿ.