ಆಳವೆಂಬುದರ ಅರ್ಥ
(ದಿಗ್ಗೇವಾಡಿಯಲ್ಲಿ ಮಾಡಿದ ಉಪನ್ಯಾಸ)



ಉದ್ದವನ್ನೂ ಅಗಲವನ್ನೂ ಕಣ್ಣು ದೂರದಿಂದಲೇ ಅಳೆಯಬಲ್ಲುದು. ಆಳವನ್ನರಿಯಲು ಮಾತ್ರ ಇಳಿಯಲೇಬೇಕು. ಈ ಊರ ದಡದಲ್ಲಿ ನಿಂತವನು ಕೃಷ್ಣೆಯ ಆಚೆಯ ದಡವನ್ನು ಕಾಣುವನು. ಕಾಲಬುಡದ ಮಡುವಿನ ತಳವನ್ನು ಕಾಣನು. ಆದುದರಿಂದಲೇ ಅಂಬಿಗನು ಕಣ್ಣನ್ನು ನಂಬದೆ ಗಳವನ್ನು ಇಳಿಯಬಿಡುವನು.

ನಮ್ಮ ಹಿರಿಯರು ನೀರನ್ನು ತಮ್ಮ ಮೈಯಿಂದಲೇ ಅಳೆದರು: ಮೊಳಕಾಲುದ್ದ, ಎದೆಮಟ್ಟ, ಆಳುದ್ದ, ಎರಡಾಳುದ್ದ. ಇಲ್ಲಿಯ ‘ಆಳು’ ಎಂದರೆ ಮನುಷ್ಯನು. ‘ಆಳ’ವು ಬೇರೆ ಶಬ್ದ, ಹಳಗನ್ನಡದಲ್ಲಿ ಅದು ಮುಳುಗುವ ಅರ್ಥದ ‘ಆೞ್’ ಎಂಬ ಧಾತುವಿನಿಂದ ಬಂದುದು. ಕೇಶಿರಾಜನು 13ನೆಯ ಶತಮಾನದ ಶಬ್ದಮಣಿದರ್ಪಣದಲ್ಲಿ ಈ ೞಕಾರದ ಶಬ್ದಗಳನ್ನು ಎಣಿಸಿ ಹೇಳಿರುವನು. ಕಾಲಕ್ರಮದಲ್ಲಿ ೞಕಾರವು ಳಕಾರದೊಳಗೆ ಬೆರೆತು ಎರಡೂ ಶಬ್ದಗಳು ಸಮೀಪವಾದವು. ಬೇರುಗಳು ಬೇರೆಯಾದರೂ ಅನುಭವವು ಅವನ್ನು ಕೂಡಿಸಿತು: ಆಳವನ್ನರಿಯಲು ಆಳೇ ಇಳಿಯಬೇಕು.

ಇನ್ನೊಂದು ಸಂಗತಿಯುಂಟು. ಬೆಳಕು ನೀರಿನಿಂದ ಗಾಳಿಗೆ ಬರುವಾಗ ಬಾಗುವುದರಿಂದ, ನೇರವಾಗಿ ಮೇಲಿನಿಂದ ನೋಡಿದರೆ ನಾಲ್ಕು ಮೊಳದ ತಿಳಿನೀರು ಮೂರು ಮೊಳದಷ್ಟೇ ತೋರುವುದು. ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. 2019ರ ಆಗಸ್ಟಿನ ಮಹಾಪೂರದ ರಾಡಿನೀರಿಗೆ ಎಲ್ಲರೂ ಹೆದರಿದರು. ಮಾಗಿಯ ತಿಳಿನೀರಿಗೆ ಹೆದರುವವರಾರು? ಮೋಸವಿರುವುದು ಅಲ್ಲಿಯೇ.

ಮಾತಿಗೂ ಇದೇ ನಿಯಮವು. ಕಠಿಣ ಪದಗಳಿಂದ ಕದಡಿದ ಮಾತು ಆಳವಾಗಿ ತೋರುವುದು. ಗಳವಿಟ್ಟು ನೋಡಿದರೆ ಮೊಳಕಾಲುದ್ದವೂ ಇರಲಿಕ್ಕಿಲ್ಲ. ಶರಣರ ವಚನಗಳಾದರೋ ತಿಳಿಗನ್ನಡ. ಕೂಸಿಗೂ ಅರ್ಥವಾಗುವುವು, ಅರ್ಥವಾಯಿತೆಂದೇ ನಾವು ಅವನ್ನು ದಾಟಿ ಮುಂದೆ ಹೋಗುವೆವು.

ಇದೇ ಕೃಷ್ಣೆಯು ಕೂಡಲಸಂಗಮದಲ್ಲಿ ಮಲಪ್ರಭೆಯನ್ನು ಕೂಡುವಳು. ನಾರಾಯಣಪುರ ಜಲಾಶಯದ ಹಿನ್ನೀರು ಏರುವುದರಿಂದ, ಅಲ್ಲಿ ಬಸವಣ್ಣನವರ ಐಕ್ಯಸ್ಥಳವನ್ನು ಬಾವಿಯಂತೆ ಸುತ್ತಲೂ ಗೋಡೆ ಕಟ್ಟಿ ಕಾಪಾಡಿರುವರು. ಅನೇಕ ಗುಡಿಗಳಿಗೆ ಮೆಟ್ಟಿಲೇರಿ ಹೋಗುವೆವು. ಅಲ್ಲಿ ಮೆಟ್ಟಿಲಿಳಿದು ಹೋಗುವೆವು. ವಚನದ ಬಳಿಗೂ ಹಾಗೆಯೇ ಹೋಗಬೇಕು.

ಮಕ್ಕಳು ನೂರು ವಚನಗಳನ್ನು ಬಾಯಿಪಾಠ ಮಾಡಲಿ, ಸಂತೋಷ. ಆದರೆ ಹಿರಿಯರಾದವರು ಒಂದನ್ನೇ ಹಿಡಿದು, ಅದರಂತೆ ಒಂದು ದಿನ ಮನೆಯಲ್ಲಿ, ಹೊಲದಲ್ಲಿ, ಸಂತೆಯಲ್ಲಿ ನಡೆದು ನೋಡಬೇಕು. ಎಲ್ಲಿ ಕಾಲಿಗೆ ನೆಲ ನಿಲುಕದೋ ಅಲ್ಲಿಂದ ಅದರ ಆಳವು ಆರಂಭವಾಗುವುದು.